ಆ ಕುರ್ಚಿ ಯಾರದು? ಎಚ್.ಆರ್. ರಂಗನಾಥ್ ಮತ್ತು ಕನ್ನಡ ಟಿವಿ ಸುದ್ದಿಯ ಕಥೆ

ಭಾಗ 1/9

ನಮ್ಮ ವಯಸ್ಸಿನವರಿಗೆ ಎಚ್.ಆರ್. ರಂಗನಾಥ್ ಅಂದ್ರೆ ಮೊದಲು ನೆನಪಾಗೋದು ಮೀಮ್. ಆಮೇಲೆ ಪಬ್ಲಿಕ್ ಟಿವಿ. ಮನಿಯಾಗ ದೊಡ್ಡವರು ಹಚ್ಚೋ ಬಿಗ್ ಬುಲೆಟಿನ್. ಅವರು ಸುದ್ದಿ ಓದೋದಿಲ್ಲ, ಮಾತಾಡ್ತಾರೆ. ನಡುವೆ ನಗ್ತಾರೆ, ಬೈತಾರೆ, ಮಂತ್ರಿ ಎದುರಿಗೇ ಕೂತಾರೇನೋ ಅನ್ನೋ ಹಂಗ ಕ್ಯಾಮೆರಾಕ್ಕ ಪ್ರಶ್ನೆ ಹಾಕ್ತಾರೆ.

ಅವರ ಸ್ಟೈಲ್ ಬಗ್ಗೆ ರೀಲ್ಸ್ ಬೇಕಾದಷ್ಟು ಅದಾವ. ಈ ಸರಣಿ ಅದರ ಬಗ್ಗೆ ಅಲ್ಲ. ನಾನು ಹಿಡಿದಿರೋ ಪ್ರಶ್ನೆ ಒಂದೇ: ನಿರೂಪಕರು ಕೂತಿರೋ ಕುರ್ಚಿ ಯಾರದು?

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಮೂರು ಉತ್ತರ ಸಿಕ್ಕಾವ. ಮೊದಲು ಸರ್ಕಾರದ ಕುರ್ಚಿ. ಆಮೇಲೆ ಉದ್ಯಮಿ, ರಾಜಕಾರಣಿಗಳ ಕುರ್ಚಿ. 2012ರಲ್ಲಿ ಮಾತ್ರ ಒಬ್ಬ ಪತ್ರಕರ್ತ ತನ್ನ ಕುರ್ಚಿ ತಾನೇ ಹಾಕ್ಕೊಂಡು ಕೂತರು. ಕೇಳಾಕ ಭಾಳ ಚಂದ ಐತಿ. ಆದ್ರೆ ಕುರ್ಚಿ ಸ್ವಂತದ್ದಾದ ಕೂಡಲೇ ಕೂತವರು ಪೂರ್ತಿ ಸ್ವತಂತ್ರ ಆಗ್ತಾರಾ?

ರಂಗನಾಥ್ ಅವರ ವೃತ್ತಿ ಜೀವನ ನೋಡಿದ್ರೆ ಇದಕ್ಕೆ ಉತ್ತರ ಹುಡುಕಬಹುದು. ಅರ್ಧ ಉತ್ತರ ಇತಿಹಾಸದಾಗ ಐತಿ, ಇನ್ನರ್ಧ ಬ್ಯಾಲೆನ್ಸ್ ಶೀಟ್‌ನಾಗ. ಬಿಕಾಂ ಕ್ಲಾಸಿನವರು ಎರಡನೇ ಅರ್ಧಕ್ಕ ಸ್ವಲ್ಪ ಗಮನ ಕೊಡ್ರಿ.

ಮುಂದಿನ ಭಾಗ: ಸುದ್ದಿ ‘ಓದುತ್ತಿದ್ದ’ ಕಾಲ.

ಭಾಗ 2/9

ಟಿವಿಗಿಂತ ಮೊದಲು ನಮ್ಮ ಭಾಗಕ್ಕ ಸುದ್ದಿ ಅಂದ್ರೆ ಪೇಪರ್ ಮತ್ತು ರೇಡಿಯೋ. ಆಕಾಶವಾಣಿ ಧಾರವಾಡ ಶುರುವಾಗಿದ್ದು 1950ರ ಜನವರಿ 8ಕ್ಕೆ. ದನಿ ಕೇಳಿಯೇ ವಾರ್ತೆ ಓದೋರನ್ನ ಗುರುತು ಹಿಡೀತಿದ್ದ ಕಾಲ ಅದು.

ಟಿವಿ ವಿಷಯದಾಗ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗೋಕಿಂತ ವರ್ಷಗಟ್ಟಲೆ ಮೊದಲೇ ಉತ್ತರ ಕರ್ನಾಟಕದ ಹಳ್ಳಿಗಳು ಟಿವಿ ನೋಡಿದ್ವು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ಕಾರ್ಯಕ್ರಮ ಕಳಿಸಿದ್ರು. ಆ ಪ್ರಯೋಗದ ಹೆಸರು ‘ಸೈಟ್’. ಅದರಾಗ ಇಂದಿನ ವಿಜಯಪುರ, ಕಲಬುರಗಿ, ರಾಯಚೂರು ಭಾಗದ ಹಳ್ಳಿಗಳೂ ಇದ್ವು. ಬೆಂಗಳೂರು ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ.

ದೂರದರ್ಶನದ ವಾರ್ತಾ ವಾಚಕರ ಕೆಲಸ ಹೆಸರಿನಾಗೇ ಐತಿ: ವಾಚನ. ಸುದ್ದಿ ವಿಭಾಗ ಬರೆದು ಕೊಟ್ಟದ್ದನ್ನ ತಪ್ಪಿಲ್ಲದೆ, ಸ್ಪಷ್ಟವಾಗಿ ಓದಬೇಕು. ಸ್ವಂತ ಅಭಿಪ್ರಾಯ ಮುಖದ ಮೇಲೂ ಕಾಣಬಾರದು. ಹಲವರು ಬೇರೆ ಕಡೆ ಕೆಲಸ ಮಾಡ್ಕೊಂಡೇ ಡ್ಯೂಟಿ ಲೆಕ್ಕದಾಗ ಬಂದು ಓದಿ ಹೋಗೋರು. ಭಾಷೆ ಶುದ್ಧ, ದನಿ ಗಂಭೀರ. ಆದ್ರೆ ಏನು ಓದಬೇಕು ಅನ್ನೋದು ಅವರ ಕೈಯಾಗ ಇರಲಿಲ್ಲ. ಕುರ್ಚಿ ಸರ್ಕಾರದ್ದು.

ಆ ಶಾಂತ ಕುರ್ಚಿ ಸಣ್ಣದೇನಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡ್ತು. ಅದರ ವಿರುದ್ಧದ ಪ್ರತಿಭಟನೆ ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ನಿಮಿಷದ ಬುಲೆಟಿನ್‌ನ ಹೆಸರಿನಾಗ. ಟಿವಿ ಸುದ್ದಿ ಅಂದ್ರೆ ಟೈಮ್‌ಪಾಸ್ ಅನ್ನೋರು ಈ ವರ್ಷ ನೆನಪಿಡ್ರಿ.

ಭಾಗ 3/9

ಅದೇ 1994ರಲ್ಲಿ ಉದಯ ಟಿವಿ ಬಂತು. ಕನ್ನಡದಾಗ ಖಾಸಗಿ ಟಿವಿ ಯುಗ ಶುರು. ಆದ್ರೂ ಸುದ್ದಿಗೆ ಒಂದು ಹೊತ್ತು ಅಂತ ಇತ್ತು.

2000ದ ಜುಲೈ 30ಕ್ಕೆ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಅಪಹರಿಸಿದ. 108 ದಿನ ಇಡೀ ರಾಜ್ಯ ಕಾಯ್ತು. ಇವತ್ತಿನ ಹಂಗ ಆರೇಳು ಕನ್ನಡ ನ್ಯೂಸ್ ಚಾನೆಲ್ ಇರಲಿಲ್ಲ. ಮಂದಿ ವಾರ್ತೆಯ ಟೈಮಿಗೆ ಟಿವಿ ಮುಂದೆ, ಬೆಳಿಗ್ಗೆ ಪೇಪರ್ ಮುಂದೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ತೀರಿಕೊಂಡಾಗ ನಾವು ನೋಡಿದ್ದನ್ನ ನೆನಪಿಸ್ಕೊಳ್ರಿ. ಬೆಳಿಗ್ಗೆಯಿಂದ ರಾತ್ರಿತನಕ ಎಲ್ಲ ಚಾನೆಲ್ ಲೈವ್. ಎರಡರ ನಡುವೆ 21 ವರ್ಷ, ಅಷ್ಟರಾಗ ಸುದ್ದಿಯ ಗಡಿಯಾರಾನೇ ಬದಲಾಗಿತ್ತು.

2006ರ ಡಿಸೆಂಬರ್‌ನಲ್ಲಿ ಟಿವಿ9 ಕನ್ನಡ ಬಂತು. 2008ರಲ್ಲಿ ಸುವರ್ಣ ನ್ಯೂಸ್. ಈಗ ದಿನಕ್ಕೆ 24 ತಾಸು ತುಂಬಿಸಬೇಕು. ಲೆಕ್ಕ ಹಾಕಿ ನೋಡ್ರಿ: ಹಳ್ಳಿಯೊಂದರಿಂದ ಒಂದು ಸುದ್ದಿ ತರಬೇಕಂದ್ರೆ ವರದಿಗಾರ, ಕ್ಯಾಮೆರಾಮನ್, ಗಾಡಿ, ಡೀಸೆಲ್, ನೇರಪ್ರಸಾರಕ್ಕೆ ಒಬಿ ವ್ಯಾನ್ ಬೇಕು. ಇಷ್ಟೆಲ್ಲಾ ಖರ್ಚಿಗೆ ಸಿಗೋದು ಎರಡು ಮೂರು ನಿಮಿಷದ ಸ್ಟೋರಿ. ಅದೇ ಸ್ಟುಡಿಯೋದಾಗ ಒಬ್ಬರು ಕೂತು ಒಂದು ತಾಸು ಮಾತಾಡಿದ್ರೆ? ಖರ್ಚು ಕಡಿಮೆ, ತುಂಬೋ ಟೈಮ್ ಜಾಸ್ತಿ.

ಹಿಂಗಾಗಿ ‘ಓದೋರು’ ಹೋಗಿ ‘ಆ್ಯಂಕರ್’ ಬಂದರು. ಇದು ಬರೀ ಫ್ಯಾಶನ್ ಅಲ್ಲ, ಕಾಸ್ಟಿಂಗ್ ಕ್ಲಾಸಿನ ಪಾಠ. ಚೆನ್ನಾಗಿ ಓದೋರು ಸಾಕಷ್ಟು ಮಂದಿ ಇದ್ರು. ಸ್ಕ್ರಿಪ್ಟ್ ಇಲ್ಲದೆ ತಾಸುಗಟ್ಟಲೆ ವಿಷಯ ಇಟ್ಕೊಂಡು ಮಾತಾಡೋರು ಕಡಿಮೆ ಇದ್ರು. ಅಂಥವರು ಎಲ್ಲಿ ಸಿಗ್ತಾರೆ? ಪೇಪರ್ ಆಫೀಸಿನಾಗ.

ಭಾಗ 4/9

ಕನ್ನಡಪ್ರಭ ಶುರುವಾಗಿದ್ದು 1967ರ ನವೆಂಬರ್ 4ಕ್ಕೆ, ರಾಮನಾಥ ಗೋಯೆಂಕಾ ಅವರ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದಿಂದ. ಎಚ್.ಆರ್. ರಂಗನಾಥ್ ಬೆಳೆದದ್ದು ಆ ಪತ್ರಿಕೆಯಾಗ. ವರದಿಗಾರಿಕೆಯಿಂದ ಮೇಲೆ ಬಂದು ಅದರ ಸಂಪಾದಕ ಆದರು. ಟಿವಿಗೆ ಬಂದದ್ದು ಅದಾದ ಮೇಲೆ.

ಇದು ಯಾಕೆ ಮುಖ್ಯ ಅಂದ್ರೆ, ಪೇಪರ್‌ನವರಿಗೆ ಎರಡು ಚಟ ಇರ್ತಾವ. ಒಂದು, ದಿನದ ನೂರು ಸುದ್ದಿಯಾಗ ಮುಖಪುಟಕ್ಕೆ ಯಾವುದು ಅಂತ ಆರಿಸೋದು. ಜಾಗ ಕಡಿಮೆ, ಹಂಗಾಗಿ ಯಾವುದನ್ನ ಬಿಡಬೇಕು ಅನ್ನೋದೂ ಕಲಿಯಬೇಕು. ಇನ್ನೊಂದು, ಹಳೇದನ್ನ ನೆನಪಿಡೋದು. ಇವತ್ತು ಹಿಂಗಂದ ಮಂತ್ರಿ ಐದು ವರ್ಷದ ಹಿಂದೆ ಏನಂದಿದ್ದ ಅನ್ನೋದು ತಲಿಯಾಗ ಇದ್ರೆ ಸ್ಕ್ರಿಪ್ಟ್ ಬೇಕಾಗೋದಿಲ್ಲ.

ರಂಗನಾಥ್ ಅವರ ಬುಲೆಟಿನ್ ಗಮನಿಸಿ ನೋಡ್ರಿ. ಮೇಲೆ ಕಾಣೋದು ಸಿಟ್ಟು, ವ್ಯಂಗ್ಯ. ಅದರ ಕೆಳಗೆ ಒಂದು ಪತ್ರಿಕೆಯ ಲೇಔಟ್ ಐತಿ: ಲೀಡ್, ಅದರ ಹಿನ್ನೆಲೆ, ಒಂದು ಪ್ರಶ್ನೆ, ಆಮೇಲೆ ಸಂಪಾದಕೀಯ. ಪೇಪರ್‌ನಾಗ ಸಂಪಾದಕೀಯಕ್ಕೆ ಬೇರೆ ಪುಟ ಇರ್ತದ. ಟಿವಿಯಾಗ ಸುದ್ದಿ, ಅಭಿಪ್ರಾಯ ಎರಡೂ ಒಂದೇ ಬಾಯಿಂದ ಬರ್ತಾವ. ಈ ವ್ಯತ್ಯಾಸ ನೆನಪಿಡ್ರಿ, 7ನೇ ಭಾಗದಾಗ ಬೇಕಾಗ್ತದ.

ಅಲ್ಲಿಂದ ಅವರು ಸುವರ್ಣ ನ್ಯೂಸ್‌ನ ಪ್ರಧಾನ ಸಂಪಾದಕರಾದರು. ಆ ಚಾನೆಲ್ ಉದ್ಯಮಿ, ಆಗಿನ ರಾಜ್ಯಸಭಾ ಸದಸ್ಯ ರಾಜೀವ್ ಚಂದ್ರಶೇಖರ್ ಅವರ ಬಳಗದ್ದು. ಕನ್ನಡಪ್ರಭವೂ ಅದೇ ಬಳಗದ ಕೈಗೆ ಬಂತು. ಅಂದ್ರೆ ಪತ್ರಿಕೆ, ಟಿವಿ ಎರಡೂ ಒಂದೇ ಸೂರಿನಡಿ. ಹುದ್ದೆ ದೊಡ್ಡದು. ಕುರ್ಚಿ ಮಾತ್ರ ಬೇರೆಯವರದು.

ಭಾಗ 5/9

2010ರ ಆಸುಪಾಸು ಕನ್ನಡ ಚಾನೆಲ್‌ಗಳ ಮಾಲೀಕರ ಪಟ್ಟಿ ಬರೆದ್ರೆ ವಿಧಾನಸಭೆಯ ಹಾಜರಿ ಪುಸ್ತಕದ ಹಂಗ ಕಾಣ್ತಿತ್ತು. ಕಸ್ತೂರಿ ಟಿವಿ ಕುಮಾರಸ್ವಾಮಿ ಕುಟುಂಬದ್ದು. ಸಮಯ ನ್ಯೂಸ್ ಹಿಂದೆ ಸತೀಶ ಜಾರಕಿಹೊಳಿ. ಜನಶ್ರೀ ಹಿಂದೆ ಜನಾರ್ದನ ರೆಡ್ಡಿ, ಶ್ರೀರಾಮುಲು ಬಳಗ. ಇದರಾಗ ಗುಟ್ಟೇನಿರಲಿಲ್ಲ, ಪ್ರೇಕ್ಷಕರಿಗೂ ಗೊತ್ತಿತ್ತು. ಯಾವ ಸುದ್ದಿ ಯಾವ ಚಾನೆಲ್‌ನಾಗ ದೊಡ್ಡದಾಗಿ ಬರ್ತದ ಅಂತ ಚಹಾದಂಗಡಿಯಾಗ ಮೊದಲೇ ಹೇಳ್ತಿದ್ರು.

ನಮ್ಮ ಹುಬ್ಬಳ್ಳಿದೂ ಒಂದು ಮಾದರಿ ಐತಿ. ವಿಆರ್‌ಎಲ್ ಲಾರಿ ಉದ್ಯಮ ಕಟ್ಟಿದ ವಿಜಯ ಸಂಕೇಶ್ವರ 1999ರಲ್ಲಿ ವಿಜಯ ಕರ್ನಾಟಕ ಶುರು ಮಾಡಿದ್ರು, 2006ರಲ್ಲಿ ಅದನ್ನ ಟೈಮ್ಸ್ ಬಳಗಕ್ಕೆ ಮಾರಿದ್ರು. 2012ರಲ್ಲಿ ವಿಜಯವಾಣಿ, 2017ರಲ್ಲಿ ದಿಗ್ವಿಜಯ ನ್ಯೂಸ್. ಅವರೂ ಧಾರವಾಡ ಉತ್ತರದ ಸಂಸದರಾಗಿದ್ದವರೇ. ಅವರ ಕಡೆ ಬಂಡವಾಳ ಮೊದಲು ಇತ್ತು, ಸುದ್ದಿ ಆಮೇಲೆ ಬಂತು.

ರಂಗನಾಥ್ ಅವರದು ಉಲ್ಟಾ ದಾರಿ. ಸುದ್ದಿ ಮೊದಲು, ಬಂಡವಾಳ ಆಮೇಲೆ. 2012ರ ಫೆಬ್ರವರಿ 12ಕ್ಕೆ ಪಬ್ಲಿಕ್ ಟಿವಿ ಪ್ರಸಾರ ಶುರುವಾಯ್ತು. ಘೋಷವಾಕ್ಯ ನಿಮಗೆಲ್ಲ ಬಾಯಿಪಾಠ: ‘ಯಾರ ಆಸ್ತಿಯೂ ಅಲ್ಲ, ಇದು ನಿಮ್ಮ ಟಿವಿ’.

ಇವತ್ತು ಅದನ್ನ ಕೇಳಿದ್ರೆ ಬರೀ ಜಾಹೀರಾತು ಸಾಲು ಅನಿಸ್ತದ. ಆದ್ರೆ ಮೇಲಿನ ಪಟ್ಟಿ ಪಕ್ಕ ಇಟ್ಟು ಓದ್ರಿ. 2012ರಾಗ ಅದು ಉಳಿದ ಎಲ್ಲ ಚಾನೆಲ್‌ಗಳ ಮಾಲೀಕರ ಕಡೆ ಬೆರಳು ತೋರಿಸೋ ಸಾಲಾಗಿತ್ತು. ಇಡೀ ಉದ್ಯಮದ ಕಾಯಿಲೆ ಏನು ಅಂತ ಐದಾರು ಶಬ್ದದಾಗ ಹೇಳಿದ್ರು.

ಭಾಗ 6/9

ಈಗ ಬ್ಯಾಲೆನ್ಸ್ ಶೀಟ್ ಅರ್ಧ.

ಪಬ್ಲಿಕ್ ಟಿವಿ ನಡೆಸೋ ಕಂಪನಿ ರೈಟ್‌ಮೆನ್ ಮೀಡಿಯಾ ಪ್ರೈವೇಟ್ ಲಿಮಿಟೆಡ್. ಹೆಸರು ಪಬ್ಲಿಕ್, ಕಂಪನಿ ಪ್ರೈವೇಟ್. ನಮ್ಮ ಕಂಪನಿ ಕಾಯ್ದೆ ಪಾಠ ನೆನಪಿಸ್ಕೊಳ್ರಿ: ಪ್ರೈವೇಟ್ ಲಿಮಿಟೆಡ್‌ನಲ್ಲಿ ಸದಸ್ಯರು ಹೆಚ್ಚೆಂದ್ರೆ 200, ಶೇರು ಕೊಳ್ರಿ ಅಂತ ಸಾರ್ವಜನಿಕರನ್ನ ಕರೆಯಂಗಿಲ್ಲ. ಇದು ತಪ್ಪೇನಲ್ಲ. ಆದ್ರೆ ಕಾನೂನಿನ ಲೆಕ್ಕದಾಗ ‘ಯಾರ ಆಸ್ತಿಯೂ ಅಲ್ಲ’ ಅನ್ನೋ ಕಂಪನಿ ಇರೋದೇ ಇಲ್ಲ. ಶೇರು ಇದ್ದಲ್ಲಿ ಶೇರುದಾರರು ಇರ್ತಾರೆ.

ಚಾನೆಲ್ ಮಾಡೋಕೆ ಎಷ್ಟು ಬೇಕು? 2011ರ ಕೊನೆಗೆ ಕೇಂದ್ರ ನಿಯಮ ಬದಲಿಸಿ, ಹೊಸದಾಗಿ ನ್ಯೂಸ್ ಚಾನೆಲ್ ಅನುಮತಿ ಕೇಳೋ ಕಂಪನಿಯ ನೆಟ್‌ವರ್ತ್ ಕನಿಷ್ಠ 20 ಕೋಟಿ ಇರಬೇಕು ಅಂದ್ತು. ಮೊದಲು 3 ಕೋಟಿ ಇತ್ತು. ಸಂಬಳದ ದುಡ್ಡಿನಾಗ ಒಬ್ಬ ವರದಿಗಾರ ಮಾಡೋ ಕೆಲಸ ಅಲ್ಲ ಇದು.

ಆಮೇಲೆ ಕ್ಯಾರೇಜ್ ಫೀ. ಕಿರಾಣಿ ಅಂಗಡಿಯಾಗ ಮುಂದಿನ ರ‍್ಯಾಕ್‌ನಾಗ ಇಡಾಕ ಕಂಪನಿಗಳು ದುಡ್ಡು ಕೊಡ್ತಾವಲ್ಲ, ಹಂಗೇ ಕೇಬಲ್‌ನವರ ಪಟ್ಟಿಯಾಗ ಒಳ್ಳೆ ನಂಬರಿಗೆ ಚಾನೆಲ್‌ಗಳೇ ದುಡ್ಡು ಕಟ್ಟಬೇಕಿತ್ತು.

ಆದಾಯ ಎಲ್ಲಿಂದ? ನಾವು ಸುದ್ದಿ ನೋಡಾಕ ಕೊಡೋದು ಸೊನ್ನೆ, ಇಲ್ಲ ಚಿಲ್ಲರೆ. ಉಳಿದದ್ದು ಜಾಹೀರಾತು, ಅದರಾಗ ಸರ್ಕಾರದ್ದೂ ಸೇರಿ. ನಿಯಮದ ಪ್ರಕಾರ ತಾಸಿಗೆ 12 ನಿಮಿಷ ಮಾತ್ರ. ಆ ನಿಮಿಷದ ರೇಟು ನಿಂತಿರೋದು ಟಿಆರ್‌ಪಿ ಮೇಲೆ. ದೇಶದ ಹತ್ತಾರು ಸಾವಿರ ಮನೆಯ ಮೀಟರ್ ಹೇಳಿದ್ದೇ ಲೆಕ್ಕ. 2020ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಟಿಆರ್‌ಪಿ ಹಗರಣದ ಕೇಸು ಎದ್ದಾಗ ಬಾರ್ಕ್ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸ್ತು, ಮತ್ತೆ ಕೊಟ್ಟದ್ದು 2022ರ ಮಾರ್ಚ್‌ಗೆ.

ಅಂದ್ರೆ ಮಾಲೀಕ ಬದಲಾದ್ರೂ ಇನ್ನೊಬ್ಬ ಯಜಮಾನ ಉಳಿದ. ಅವನ ಹೆಸರು ಗುರುವಾರದ ರೇಟಿಂಗ್ ಪಟ್ಟಿ.

ಭಾಗ 7/9

ಹಂಗಾದ್ರೆ ಕುರ್ಚಿ ಸ್ವಂತದ್ದಾಗಿದ್ದಕ್ಕೆ ಏನೂ ಲಾಭ ಆಗಲಿಲ್ಲ ಅಂತೀರಾ? ಆಯ್ತು. ಮೂರು ಕಾರ್ಯಕ್ರಮ ನೋಡ್ರಿ.

ಒಂದು, ಬಿಗ್ ಬುಲೆಟಿನ್. ಸಂಬಳಕ್ಕಿರೋ ನಿರೂಪಕರು ಮೇಲಿನವರ ಮುಖ ನೋಡಿ ಮಾತಾಡಬೇಕು. ಮಾಲೀಕರೇ ನಿರೂಪಕರಾದಾಗ ಮೇಲೆ ನೋಡೋಕೆ ಯಾರೂ ಇಲ್ಲ. ಆ ಧೈರ್ಯ ದನಿಯಾಗ ಕೇಳ್ತದ.

ಎರಡು, ಬೆಳಕು. ಹಳ್ಳಿಗೆ ರಸ್ತೆ ಇಲ್ಲ, ಶಾಲೆಗೆ ಶೌಚಾಲಯ ಇಲ್ಲ, ಪಿಂಚಣಿ ಬಂದಿಲ್ಲ ಅನ್ನೋರ ಕಥೆ ತೋರಿಸಿ ಅಧಿಕಾರಿ, ಜನಪ್ರತಿನಿಧಿಗಳನ್ನ ಕೇಳೋ ಕಾರ್ಯಕ್ರಮ. ತಹಶೀಲ್ದಾರ್ ಕಚೇರಿಗೆ ಅಲೆದಾಡಿ ಸುಸ್ತಾದವರಿಗೆ ಟಿವಿ ಒಂದು ಕಿಟಕಿ ಆಯ್ತು. ಒಳ್ಳೇದೇ. ಆದ್ರೆ ಅರ್ಜಿಗೆ ಆಗದ ಕೆಲಸ ಕ್ಯಾಮೆರಾಕ್ಕೆ ಆಗ್ತದ ಅಂದ್ರೆ ಅದು ಆಡಳಿತಕ್ಕೆ ಮರ್ಯಾದೆ ಅಲ್ಲ. ಕ್ಯಾಮೆರಾ ಹೋಗದ ಊರಿನ ಕಥೆ ಏನು?

ಮೂರು, ಜ್ಞಾನದೀವಿಗೆ. ಕೊರೊನಾ ಕಾಲದಾಗ ಶಾಲೆ ಮುಚ್ಚಿದಾಗ ಸರ್ಕಾರಿ ಶಾಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯಾಬ್ ಕೊಡೋ ಅಭಿಯಾನ, ರೋಟರಿ ಜೊತೆ ಸೇರಿ ಮಾಡಿದ್ದು. ನಮ್ಮಲ್ಲಿ ಎಷ್ಟೋ ಜನ ಅದೇ ಬ್ಯಾಚ್. 2021ರ ಜುಲೈನಾಗ ಎರಡೇ ದಿನದಾಗ ಪರೀಕ್ಷೆ ಮುಗಿಸಿದವರು. ಒಂದು ಮನಿಗೆ ಒಂದೇ ಫೋನ್ ಇದ್ದಾಗ ಟ್ಯಾಬ್ ಅಂದ್ರೆ ಏನು ಅಂತ ನಮಗೆ ಬೇರೆ ಹೇಳಬೇಕಿಲ್ಲ.

ಈಗ 4ನೇ ಭಾಗದ ಮಾತಿಗೆ ಬರ್ತೀನಿ. ಸುದ್ದಿ, ಅಭಿಪ್ರಾಯ ಒಂದೇ ಬಾಯಿಂದ ಬಂದಾಗ ನೋಡೋರಿಗೆ ಗೆರೆ ಎಲ್ಲೈತಿ ಗೊತ್ತಾಗೋದಿಲ್ಲ. ಇದು ಒಬ್ಬರ ದೋಷ ಅಲ್ಲ, ಪೂರಾ ಟಿವಿ ಸುದ್ದಿಯದು. 2016ರ ನೋಟು ರದ್ದತಿ ಹೊತ್ತಿನಾಗ ಹೊಸ 2000ದ ನೋಟಿನಾಗ ಚಿಪ್ ಐತಿ ಅನ್ನೋ ಸುಳ್ಳು ದೇಶದ ಹಲವು ಚಾನೆಲ್‌ಗಳಾಗ ಓಡ್ತು. ದೂರದರ್ಶನದ ವಾಚಕರು ಹಾಳೆ ಮೇಲೆ ಇಲ್ಲದ್ದನ್ನ ಹೇಳ್ತಿರಲಿಲ್ಲ. ಹಾಳೆ ಹೋಯ್ತು, ಅದರ ಜೊತೆ ಒಂದು ಬ್ರೇಕೂ ಹೋಯ್ತು. ಸ್ವಾತಂತ್ರ್ಯ ಬಂದ ಮೇಲೆ ಬ್ರೇಕ್ ನಿರೂಪಕರ ಕಾಲಡಿಗೇ ಇರಬೇಕು.

ಭಾಗ 8/9

ಇದೆಲ್ಲ ಬೆಂಗಳೂರಿನ ಕಥೆ, ಗೋಪನಕೊಪ್ಪದಾಗ ಕೂತ ನಮಗೇನು ಅನ್ನೋರಿಗೆ ಈ ಭಾಗ.

2016ರ ಜುಲೈ 27ಕ್ಕೆ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿ ತಿರಸ್ಕರಿಸ್ತು. ಕೇಳಿದ್ದು 7.56 ಟಿಎಂಸಿ ನೀರು. ನರಗುಂದ, ನವಲಗುಂದ ಸಿಟ್ಟಿನಿಂದ ಕುದೀತು. ನವಲಗುಂದ ತಾಲೂಕಿನ ಯಮನೂರಿಗೆ ಪೊಲೀಸರು ನುಗ್ಗಿ ಹೆಣ್ಣುಮಕ್ಕಳು, ವಯಸ್ಸಾದವರು ಅನ್ನದೆ ಹೊಡೆದರು. ಆ ದೃಶ್ಯ ಕನ್ನಡ ಚಾನೆಲ್‌ಗಳಾಗ ಬಂತು. ರಾಜ್ಯ ನೋಡ್ತು. ಸರ್ಕಾರಕ್ಕೆ ಉತ್ತರ ಕೊಡದೆ ದಾರಿ ಇರಲಿಲ್ಲ, ಪೊಲೀಸರ ಅಮಾನತೂ ಆಯ್ತು.

ಯೋಚನೆ ಮಾಡ್ರಿ. ಅಲ್ಲಿ ಕ್ಯಾಮೆರಾ ಇರದಿದ್ರೆ? ಊರವರ ಮಾತು ಒಂದು, ಪೊಲೀಸರ ವರದಿ ಇನ್ನೊಂದು. ಯಾವುದು ಫೈಲಿಗೆ ಹೋಗ್ತಿತ್ತು ಅಂತ ನಿಮಗೂ ಗೊತ್ತು. ಆ ದಿನ ಯಮನೂರಿನವರ ಪರ ನಿಂತದ್ದು ಯಾವ ಸ್ಟುಡಿಯೋದ ಮಾತೂ ಅಲ್ಲ, ಹೊಲದ ದಾರಿಯಾಗ ನಿಂತ ಒಂದು ಕ್ಯಾಮೆರಾ.

2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಅಂತಿಮ ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42 ಟಿಎಂಸಿ ಹಂಚ್ತು. ಟಿವಿಯಾಗ ಎರಡು ದಿನ ಚರ್ಚೆ ನಡೀತು. ಅದಾಗಿ ವರ್ಷಗಳೇ ಹೋದ್ವು. ಆಮೇಲಿನ ಕಥೆ, ಅಂದ್ರೆ ಅನುಮತಿ, ಕಾಲುವೆ, ಕೋರ್ಟು, ಅರಣ್ಯ, ಇದನ್ನೆಲ್ಲ ದಿನಾ ಹಿಂಬಾಲಿಸಿ ಹೇಳೋಕೆ ಖರ್ಚು ಬಹಳ, ರೇಟಿಂಗ್ ಕಡಿಮೆ.

3ನೇ ಭಾಗದ ಲೆಕ್ಕ ಇಲ್ಲಿ ಬಂದು ನಿಂತಿತು ನೋಡ್ರಿ. ಸ್ಟುಡಿಯೋದ ಒಂದು ತಾಸು ಅಗ್ಗ, ಯಮನೂರಿನ ಎರಡು ನಿಮಿಷ ದುಬಾರಿ. ಆದ್ರೆ ನಮಗೆ ಬೇಕಾಗಿದ್ದು ಆ ಎರಡು ನಿಮಿಷ.

ಭಾಗ 9/9 (ಕೊನೆ)

ಒಟ್ಟು ಲೆಕ್ಕ ಹಾಕೋಣ.

ದೂರದರ್ಶನದ ಕಾಲದಾಗ ಓದೋರ ದನಿ ಅವರದು, ಮಾತು ಸರ್ಕಾರದ್ದು. ಖಾಸಗಿ ಕಾಲದಾಗ ಮಾತು ನಿರೂಪಕರದು, ಮಿತಿ ಮಾಲೀಕರದು. ರಂಗನಾಥ್ ಅವರ ದಾರಿಯಾಗ ದನಿ, ಮಾತು, ಕುರ್ಚಿ ಮೂರೂ ಒಬ್ಬ ಪತ್ರಕರ್ತರ ಕೈಗೆ ಬಂದ್ವು. ಕನ್ನಡ ಟಿವಿ ಇತಿಹಾಸದಾಗ ಇದು ಸಣ್ಣ ಸಾಧನೆ ಅಲ್ಲ. ಇಷ್ಟು ವರ್ಷ ಆ ಚಾನೆಲ್ ಉಳಿದಿದ್ದೂ ಸಣ್ಣದಲ್ಲ. ಅದಕ್ಕೂ ಹಳೇದಾದ ಉದಯದ ನ್ಯೂಸ್ ಚಾನೆಲ್ 2017ರಲ್ಲಿ ಬಂದ್ ಆಯ್ತು.

ಆದ್ರೂ ನನ್ನ ಉತ್ತರ: ಕುರ್ಚಿ ಸ್ವಂತದ್ದಾದ್ರೆ ಅರ್ಧ ಸ್ವಾತಂತ್ರ್ಯ ಬರ್ತದ. ಇನ್ನರ್ಧ ನೋಡೋರ ಕೈಯಾಗ ಐತಿ. ಸುದ್ದಿಗೆ ದುಡ್ಡು ಕೊಡೋರು ಯಾರೋ ಅವರ ಕಡೆ ಸುದ್ದಿ ವಾಲೋದು ಸಹಜ. ಜಾಹೀರಾತಿನವರು ಕೊಡ್ತಾರೆ, ಸರ್ಕಾರ ಕೊಡ್ತದ, ನಾವು ಕೊಡೋದಿಲ್ಲ. ನಾವು ಕೊಡೋದು ಟೈಮ್ ಅಷ್ಟೇ. ಆ ಟೈಮನ್ನೂ ಕೂಗಾಟಕ್ಕೇ ಕೊಟ್ರೆ ಮರುದಿನ ಕೂಗಾಟಾನೇ ಸಿಗ್ತದ.

ಈಗ ನಾವು ಟಿವಿ ಕೂಡ ನೋಡೋದಿಲ್ಲ, 30 ಸೆಕೆಂಡಿನ ಕಟ್ ನೋಡ್ತೀವಿ. ಅದರಾಗ ಹಿನ್ನೆಲೆ ಇಲ್ಲ, ಪ್ರಶ್ನೆ ಇಲ್ಲ, ಬೈಗಳ ಮಾತ್ರ ಉಳಿದಿರ್ತದ. ಮೂವತ್ತು ನಲವತ್ತು ವರ್ಷ ಸುದ್ದಿಯಾಗ ದುಡಿದವರೊಬ್ಬರು ನಮಗೆ ಬರೀ ಮೀಮ್ ಆಗಿ ಸಿಕ್ಕರೆ ಅದರಾಗ ಅವರ ಪಾಲೆಷ್ಟು, ನಮ್ಮ ಪಾಲೆಷ್ಟು?

ಒಂದು ಕೆಲಸ ಮಾಡ್ರಿ. ಈ ವಾರ ಯಾವುದಾದ್ರೂ ಒಂದು ಬುಲೆಟಿನ್ ಪೂರ್ತಿ ನೋಡ್ರಿ, ಕೈಯಾಗ ಪೆನ್ ಇಟ್ಕೊಂಡು. ಸುದ್ದಿ ಎಷ್ಟು ನಿಮಿಷ, ಅಭಿಪ್ರಾಯ ಎಷ್ಟು, ಜಾಹೀರಾತು ಎಷ್ಟು, ಸ್ಥಳದಿಂದ ಬಂದ ವರದಿ ಎಷ್ಟು, ಅದರಾಗ ನಮ್ಮ ಜಿಲ್ಲೆಯದೆಷ್ಟು. ನಾಲ್ಕು ಕಾಲಮ್ ಹಾಕಿ ಟೋಟಲ್ ಮಾಡ್ರಿ. ಆ ಕುರ್ಚಿ ಯಾರದು ಅಂತ ಆ ಹಾಳೆಯೇ ಹೇಳ್ತದ.

ಮಾಡಿದವರು ನನಗೆ ಕಳಿಸ್ರಿ. ಸ್ಟೋರಿಯಾಗ ಹಾಕ್ತೀನಿ.

#ಕನ್ನಡಟಿವಿ #ಸುದ್ದಿಯಇತಿಹಾಸ #ಹುಬ್ಬಳ್ಳಿಧಾರವಾಡ #ಗೋಪನಕೊಪ್ಪ #ಬಿಕಾಂಹುಡುಗರು